ವಾರಂಟ್ ಬಂದರೆ ಹೆದರಬೇಡಿ, ಎಸೆಯಲೂಬೇಡಿ

ಮಾಸಾಚುಸೆಟ್ಸ್‌ನಲ್ಲಿ ನಾವು ಮನೆ ಕೊಂಡ ಮೊದಲ ಏಪ್ರಿಲ್‌ನಲ್ಲಿ ಪೋಸ್ಟ್ ಡಬ್ಬಿಗೆ ಒಂದು ಪುಸ್ತಕ ಬಂತು. ಪಿಜ್ಜಾ ಕೂಪನ್‌ಗಳ ಮಧ್ಯೆ ಸಿಕ್ಕಿಕೊಂಡಿತ್ತು. ಅಗ್ಗದ ಕಾಗದ, ಮೇಲೆ ದಪ್ಪ ಅಕ್ಷರದಲ್ಲಿ ‘ವಾರಂಟ್’. ನಾನಾಗ ಅರಸೀಕೆರೆಯಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿದ್ದೆ. “ಇರು ಅಮ್ಮ, ಮನೆಗೆ ಏನೋ ವಾರಂಟ್ ಬಂದಿದೆ” ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, “ಅಯ್ಯೋ, ಅಳಿಯಂದ್ರು ಏನ್ ಮಾಡ್ಕೊಂಡ್ರೇ?”

ನಕ್ಕು ನಕ್ಕು ಸಾಕಾಯಿತು. ಆ ಪುಸ್ತಕವನ್ನು ಓದದೆ ಕೂಪನ್‌ಗಳ ಜೊತೆಗೇ ಕಸಕ್ಕೆ ಹಾಕಿದೆ. ಇಲ್ಲಿಂದ ಶುರು ನನ್ನ ತಪ್ಪುಗಳು.

ಈ ವಾರಂಟ್ ಅಂದರೆ ‘ಟೌನ್ ಮೀಟಿಂಗ್’ ಅನ್ನುವ ಊರಿನ ಸಭೆಗೆ ಕರೆಯೋಲೆ. ಯಾವ ಯಾವ ವಿಷಯದ ಮೇಲೆ ಮತ ಹಾಕಬೇಕು ಅನ್ನುವುದನ್ನು ಅದರಲ್ಲಿ ಆರ್ಟಿಕಲ್ 1, 2, 3 ಅಂತ ಅಚ್ಚು ಹಾಕಿರುತ್ತಾರೆ. ಪೊಲೀಸರಿಗೆ ಹೊಸ ಕಾರಿನಿಂದ ಹಿಡಿದು ಕೋಟಿಗಟ್ಟಲೆ ಡಾಲರ್‌ನ ಕಟ್ಟಡದ ತನಕ ಎಲ್ಲವೂ ಅಲ್ಲಿರುತ್ತದೆ. ಈ ರಾಜ್ಯದಲ್ಲಿ 351 ಊರುಗಳಿವೆ, ಸಿಟಿ ಮತ್ತು ಟೌನ್ ಎರಡೂ ಸೇರಿ. ಬಾಸ್ಟನ್, ವೂಸ್ಟರ್‌ನಂಥ ಸಿಟಿಗಳಲ್ಲಿ ಕೌನ್ಸಿಲ್ ಇದೆ, ಅಲ್ಲಿ ನೀವು ಆರಿಸಿದವರು ತೀರ್ಮಾನ ಮಾಡುತ್ತಾರೆ. ಫ್ರೇಮಿಂಗ್‌ಹ್ಯಾಮ್ ಕೂಡ 2018ರಿಂದ ಸಿಟಿ. ಶ್ರೂಸ್‌ಬರಿ, ಲೆಕ್ಸಿಂಗ್ಟನ್‌ನಲ್ಲಿ ಟೌನ್ ಮೀಟಿಂಗ್ ಇದ್ದರೂ ಮತ ಹಾಕುವವರು ಆರಿಸಿ ಬಂದ ಸದಸ್ಯರು. ಆದರೆ ವೆಸ್ಟ್‌ಬರೋ, ಆಶ್‌ಲ್ಯಾಂಡ್, ಹಾಪ್‌ಕಿಂಟನ್, ಆ್ಯಕ್ಟನ್ ಥರದ ಊರುಗಳಲ್ಲಿ ಓಪನ್ ಟೌನ್ ಮೀಟಿಂಗ್. ಅಂದರೆ ಊರಿನ ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಸಂಜೆ ಹೈಸ್ಕೂಲ್ ಹಾಲ್‌ಗೆ ಹೋಗಿ ಕೂತು ಕೈ ಎತ್ತಬಹುದು. ಎತ್ತಿದ ಕೈಗೆ ಶಾಸಕರ ಕೈಯಷ್ಟೇ ಬೆಲೆ. ನಮ್ಮೂರೂ ಇಂಥದ್ದೇ. ಹೆಸರು ಹೇಳುವುದಿಲ್ಲ, ಅಕ್ಕಪಕ್ಕದವರು ನಾಳೆ ಮುಖ ನೋಡಬೇಕಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಸಿಟಿಜನ್ ಆದ ಮೇಲೆ ಟೌನ್ ಕ್ಲರ್ಕ್ ಹತ್ತಿರ ಅಥವಾ ಆನ್‌ಲೈನ್‌ನಲ್ಲಿ ಹೆಸರು ಸೇರಿಸಿ, ಮೀಟಿಂಗ್‌ಗೆ ಮುಂಚೆ ಕೊನೆಯ ದಿನ ಯಾವುದು ಅಂತ ಕೇಳಿಕೊಳ್ಳಿ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿದ್ದರೆ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಯ ವಿಷಯ ಬಂದರೆ ಅಪ್ಪಿತಪ್ಪಿಯೂ ಹೂಂ ಅನ್ನಬೇಡಿ. ಸಿಟಿಜನ್ ಅಲ್ಲದವರು ಸಿಟಿಜನ್ ಅಂತ ಬರೆದುಕೊಟ್ಟರೆ ಮುಂದೆ ಇಮಿಗ್ರೇಷನ್‌ನಲ್ಲಿ ದೊಡ್ಡ ಪೆಟ್ಟು ಬೀಳುತ್ತದೆ. ಮತ ಇಲ್ಲದಿದ್ದರೂ ಸಭೆಗೆ ಹೋಗಬಹುದು, ಬೇರೆ ಸಾಲಿನಲ್ಲಿ ಕೂರಿಸುತ್ತಾರೆ, ಸಭೆ ನಡೆಸುವ ಮಾಡರೇಟರ್ ಒಪ್ಪಿದರೆ ಮಾತಾಡಲೂಬಹುದು.

ಇನ್ನು ನನ್ನ ಕಥೆಗೆ ಬರುತ್ತೇನೆ.

ನಮ್ಮೂರಲ್ಲಿ ನಲವತ್ತು ಜನ ಸೇರುವ ಸರಿಯಾದ ಜಾಗ ಇರಲಿಲ್ಲ. ಲೈಬ್ರರಿಯ ನೆಲಮಾಳಿಗೆಯ ಕೋಣೆಯಲ್ಲಿ ಭಾನುವಾರ ಕನ್ನಡ ಕ್ಲಾಸ್. ರಾಜ್ಯೋತ್ಸವಕ್ಕೆ ಶಾಲೆಯ ಕೆಫೆಟೀರಿಯಾ ಬಾಡಿಗೆಗೆ ಹಿಡಿಯಬೇಕು. ಅದಕ್ಕೆ ಇನ್ಶೂರೆನ್ಸ್ ಪತ್ರ, ಬಾಗಿಲು ತೆಗೆದು ಗುಡಿಸುವವರಿಗೆ ಓವರ್‌ಟೈಮ್, ಇಷ್ಟೆಲ್ಲ ಆಗಿ ವೇದಿಕೆಗೆ ದೀಪ ತಂದರೆ ಬೆಂಕಿ ಹಚ್ಚುವ ಹಾಗಿಲ್ಲ. ಮುಖ್ಯ ಅತಿಥಿಗಳು ಬ್ಯಾಟರಿ ದೀಪದ ಸ್ವಿಚ್ ಒತ್ತಿದರು, ನಾವು ಚಪ್ಪಾಳೆ ಹೊಡೆದೆವು. ಆ ಹೊತ್ತಿಗೇ ಊರಿನಲ್ಲಿ ಹಿರಿಯರಿಗೂ ಎಲ್ಲರಿಗೂ ಸೇರಿ ಒಂದು ಕಮ್ಯುನಿಟಿ ಸೆಂಟರ್ ಕಟ್ಟುವ ಮಾತು ಶುರುವಾಗಿತ್ತು.

ನಮ್ಮ ತಲೆಯೊಳಗೆ ಕಟ್ಟಡ ಅಂದರೆ ಏನು ಹೇಳಿ? ಯಾರೋ ಕೊಡುವುದು. ನಮ್ಮ ಊರಿನ ಸಮುದಾಯ ಭವನದ ಗೋಡೆಯ ಮೇಲೆ ಇವತ್ತಿಗೂ ಕಲ್ಲಿದೆ, ಇಂಥ ಶಾಸಕರ ಅನುದಾನದಿಂದ ಅಂತ. ಸಂಸದರಿಗಂತೂ ವರ್ಷಕ್ಕೆ 5 ಕೋಟಿ ರೂಪಾಯಿ ನಿಧಿ ಇದೆ. ಗೌಡರನ್ನು ಹಿಡಿದು, ಅವರು ಇವರನ್ನು ಹಿಡಿದು, ಒಂದು ಮನವಿ ಪತ್ರ ಕೊಟ್ಟು, ಗುದ್ದಲಿ ಪೂಜೆಗೆ ಹಾರ ತಂದರೆ ಆಯಿತು. ಗ್ರಾಮಸಭೆ ಅಂತ ಒಂದಿದೆ ಅನ್ನುವುದು ಗೊತ್ತಿದ್ದರೂ ನಾನು ಯಾವತ್ತೂ ಹೋದವಳಲ್ಲ. ಅದೇ ಅಭ್ಯಾಸದಲ್ಲಿ ನಾವು ನಾಲ್ಕು ಜನ ಇಲ್ಲಿಯ ರಾಜ್ಯ ಪ್ರತಿನಿಧಿಯನ್ನು ನಮ್ಮ ಯುಗಾದಿಗೆ ಕರೆದು, ಮೈಸೂರು ಪೇಟ ತೊಡಿಸಿ, ರೇಷ್ಮೆ ಶಾಲು ಹೊದಿಸಿ, ಕೈಗೆ ಮನವಿ ಪತ್ರ ಕೊಟ್ಟೆವು. ಆ ಮನುಷ್ಯ ಶಾಲು ಮುಟ್ಟಿ ನೋಡಿ, ಬಹಳ ಸಂಕೋಚದಿಂದ ಇದರ ಬೆಲೆ ಎಷ್ಟು ಅಂತ ಕೇಳಿದರು. ನಮಗೆ ಮುಖದಲ್ಲಿ ರಕ್ತವೇ ಇಲ್ಲ. ಇಲ್ಲಿ ಹುದ್ದೆಯಲ್ಲಿರುವವರು ಆ ಹುದ್ದೆಯ ಕಾರಣಕ್ಕೆ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ಪೇಟ ಇಟ್ಟುಕೊಂಡು ಶಾಲು ಮಡಚಿ ವಾಪಸ್ ಕೊಟ್ಟರು. ಮನವಿ ಪತ್ರ ಓದಿ, ಇದನ್ನು ನಾನು ಕೊಡಲು ಆಗುವುದಿಲ್ಲ, ನಿಮ್ಮ ಟೌನ್ ಮೀಟಿಂಗ್‌ಗೆ ಹೋಗಿ ಅಂದರು.

ಹಣ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಉಳಿದಿದ್ದು ತಾನಾಗಿ ಅರ್ಥ ಆಗುತ್ತದೆ. ಶಾಲೆ ಕಟ್ಟುವುದಾದರೆ ರಾಜ್ಯದಲ್ಲಿ 2004ರಲ್ಲಿ ಶುರುವಾದ ಸ್ಕೂಲ್ ಬಿಲ್ಡಿಂಗ್ ಅಥಾರಿಟಿ ಇದೆ. ನಾವು ಅಂಗಡಿಯಲ್ಲಿ ಕೊಡುವ ಶೇ 6.25 ಸೇಲ್ಸ್ ಟ್ಯಾಕ್ಸ್‌ನಲ್ಲಿ ಡಾಲರ್‌ಗೆ ಒಂದು ಸೆಂಟ್ ಅವರಿಗೆ ಹೋಗುತ್ತದೆ, ಅವರು ಖರ್ಚಿನಲ್ಲಿ ಒಂದು ಪಾಲು ಕೊಡುತ್ತಾರೆ. ಲೈಬ್ರರಿಗೂ ರಾಜ್ಯದ ಗ್ರ್ಯಾಂಟ್ ಉಂಟು. ಕಮ್ಯುನಿಟಿ ಸೆಂಟರ್‌ಗೆ ಶಾಲೆಗಿರುವಂಥ ದೊಡ್ಡ ಗಂಟು ಇಲ್ಲ. ಊರೇ ಬಾಂಡ್ ಮೂಲಕ ಸಾಲ ಎತ್ತಬೇಕು, ಆ ಸಾಲ ತೀರಿಸುವುದು ನಮ್ಮ ಮನೆಯ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಆದರೆ 1980ರಲ್ಲಿ ಜನರೇ ಮತ ಹಾಕಿ ತಂದ ‘ಪ್ರಪೊಸಿಷನ್ ಎರಡೂವರೆ’ ಅಂತ ಒಂದು ಕಾನೂನಿದೆ. ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ ಊರು ಎತ್ತುವ ಒಟ್ಟು ತೆರಿಗೆಯ ಮಿತಿ ವರ್ಷಕ್ಕೆ ಎರಡೂವರೆ ಪರ್ಸೆಂಟ್‌ಗಿಂತ ಜಾಸ್ತಿ ಏರುವ ಹಾಗಿಲ್ಲ. ಇದನ್ನು ದಾಟಬೇಕಾದರೆ ಜನರನ್ನೇ ಕೇಳಬೇಕು. ಒಂದೇ ಕಟ್ಟಡದ ಸಾಲ ತೀರುವ ತನಕ ಮಾತ್ರ ದಾಟುವುದಕ್ಕೆ ‘ಡೆಟ್ ಎಕ್ಸ್‌ಕ್ಲೂಷನ್’ ಅನ್ನುತ್ತಾರೆ. ‘ಓವರ್‌ರೈಡ್’ ಅಂದರೆ ಕಾಯಂ. ಇವೆರಡನ್ನು ಬೆರೆಸಿ ಮಾತಾಡಿದರೆ ಇಲ್ಲಿಯ ಹಳಬರು ನಿಮ್ಮನ್ನು ತಕ್ಷಣ ಹೊಸಬರು ಅಂತ ಗುರುತು ಹಿಡಿಯುತ್ತಾರೆ.

ನಮ್ಮ ಲೆಕ್ಕ ಹೀಗಿತ್ತು. ಮನೆಗೆ ಊರು ಕಟ್ಟಿದ ಬೆಲೆ 6 ಲಕ್ಷ ಡಾಲರ್. ಸೆಂಟರ್‌ಗೆ ಆ ಬೆಲೆಯ ಪ್ರತಿ ಸಾವಿರ ಡಾಲರ್‌ಗೆ 40 ಸೆಂಟ್ ತೆರಿಗೆ ಜಾಸ್ತಿ ಅಂದರೆ ವರ್ಷಕ್ಕೆ 240 ಡಾಲರ್. ತಿಂಗಳಿಗೆ ಒಂದು ಸಲ ಹೊರಗೆ ದೋಸೆ ತಿನ್ನುವ ದುಡ್ಡು. ಇಷ್ಟಕ್ಕೆ ಯಾರು ಬೇಡ ಅಂತಾರೆ ಅಂದುಕೊಂಡೆ.

ಬೇಡ ಅಂದವರು ಇದ್ದರು. ಊರಿನ ಖರ್ಚುವೆಚ್ಚ ನೋಡುವ ಫೈನಾನ್ಸ್ ಕಮಿಟಿಯ ವಿಚಾರಣೆಯಲ್ಲಿ ನಾನು ಮೈಕ್ ಹಿಡಿದು, ನಮ್ಮ ಮಕ್ಕಳು ನಮ್ಮ ಭಾಷೆ ಕಲಿಯಲು ನಮಗೆ ಒಂದು ಜಾಗ ಬೇಕು ಅಂದೆ. ನಮ್ಮ, ನಮಗೆ, ನಮ್ಮವರು. ಎಷ್ಟು ಸಲ ಅಂದೆನೋ. ನನ್ನ ನಂತರ ಮೈಕ್ ಮುಂದೆ ನಿಂತವರು ಊರುಗೋಲಿನ ಅಜ್ಜಿ. ಈ ಊರಲ್ಲೇ ಹುಟ್ಟಿದವರು, ಗಂಡ ತೀರಿಕೊಂಡಿದ್ದಾರೆ, ಪೆನ್ಷನ್ ಬಿಟ್ಟರೆ ಬೇರೆ ಆದಾಯ ಇಲ್ಲ. ಹೊಸ ಹೈಸ್ಕೂಲ್‌ಗೆ ಹೂಂ ಅಂದೆ, ಹೊಸ ಫೈರ್ ಸ್ಟೇಷನ್‌ಗೆ ಹೂಂ ಅಂದೆ, ಇನ್ನು ಎಷ್ಟಕ್ಕೆ ಹೂಂ ಅನ್ನಲಿ, ಮನೆ ಮಾರಿ ಹೋಗಲಾ ಅಂತ ಕೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಮಾತ್ರ ಅಮ್ಮ ಕಣ್ಮುಂದೆ ಬಂದಳು. ಅಪ್ಪನ ಫ್ಯಾಮಿಲಿ ಪೆನ್ಷನ್‌ನಲ್ಲಿ ಮನೆ ಕಂದಾಯ ಕಟ್ಟಿದ ರಸೀದಿಯನ್ನು ದೇವರ ಗೂಡಿನಲ್ಲಿ ಇಡುತ್ತಾಳೆ.

ದೇವಸ್ಥಾನ ಬೇರೆ. ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನ 1990ರಲ್ಲಿ ಪ್ರತಿಷ್ಠೆ ಆಗಿದ್ದು ಭಕ್ತರ ದುಡ್ಡಿನಲ್ಲಿ. ಅಲ್ಲಿ ‘ನಮ್ಮದು’ ಅನ್ನಬಹುದು. ಊರಿನ ಕಟ್ಟಡಕ್ಕೆ ಆ ಅಜ್ಜಿಯ ದುಡ್ಡೂ ಸೇರುತ್ತದೆ. ಹಾಗಾಗಿ ಮಾತಾಡುವ ಮುಂಚೆ ಅವರಿಗೆ ಇದರಲ್ಲಿ ಏನಿದೆ ಅಂತ ಒಂದು ಸಲ ಯೋಚನೆ ಮಾಡಿ. ನಾನು ಮಾಡಿರಲಿಲ್ಲ.

2016ರ ಮೇ ತಿಂಗಳಲ್ಲಿ ಮೊದಲ ಮತದಾನ. ಏಳಕ್ಕೆ ಶುರು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಿಂದ ಆರು ಜನ ಹೋಗಿದ್ದೆವು. ಸೆಂಟರ್ ಆರ್ಟಿಕಲ್ 23. ಒಂಬತ್ತೂವರೆಗೆ ಇನ್ನೂ ಆರ್ಟಿಕಲ್ 14ರಲ್ಲಿ ಒಬ್ಬ ಮಹಾನುಭಾವ ಚರಂಡಿ ಪಂಪ್ ಬಗ್ಗೆ ಮಾತಾಡುತ್ತಿದ್ದ. ಮಕ್ಕಳಿಗೆ ಬೆಳಗ್ಗೆ ಸ್ಕೂಲು, ಮನೆಯಲ್ಲಿ ಅನ್ನ ಸಾರು ಆರುತ್ತಿತ್ತು. ನಾವು ಆರೂ ಜನ ಒಬ್ಬರ ಮುಖ ಒಬ್ಬರು ನೋಡಿ ಎದ್ದು ಬಂದೆವು. ನಾವಿಲ್ಲದಿದ್ದರೆ ಏನಂತೆ, ಅಷ್ಟು ಜನ ಇದ್ದಾರಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮತ ಎಣಿಸಿದರಂತೆ. ಪರ 318, ವಿರುದ್ಧ 161. ಇಲ್ಲಿ ಸಾಲ ಎತ್ತಲು ಬರೀ ಬಹುಮತ ಸಾಲದು, ಮತ ಹಾಕಿದವರಲ್ಲಿ ಮೂರನೇ ಎರಡು ಪಾಲು ಬೇಕು. 479ಕ್ಕೆ 320. ಎರಡು ಮತ ಕಡಿಮೆ. ಮಾರನೇ ದಿನ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದೆ. ನಾವು ಆರು ಜನ ಇದ್ದಿದ್ದರೆ 485ಕ್ಕೆ 324 ಬೇಕಾಗುತ್ತಿತ್ತು, 318ಕ್ಕೆ ಆರು ಸೇರಿಸಿದರೆ 324. ಸರಿಯಾಗಿ ಅಷ್ಟೇ. ಮೂರು ಸಲ ಲೆಕ್ಕ ಮಾಡಿದೆ, ತಪ್ಪಾಗಿರಲಿ ಅಂತ. ಆವತ್ತಿನ ಸಾರಿನ ರುಚಿ ಇನ್ನೂ ಬಾಯಲ್ಲಿದೆ.

ಮುಂದಿನ ವರ್ಷ ಬುದ್ಧಿ ಬಂದಿತ್ತು. ಚಪಾತಿ ರೋಲ್ ಕಟ್ಟಿಕೊಂಡು, ಶಾಲು ಹೊದ್ದು, ಕೊನೆಯ ತನಕ ಕೂತೆ. ಮೂರನೇ ಎರಡು ಪಾಲು ಸಿಕ್ಕಿತು. ಖುಷಿಗೆ ಮೈಸೂರು ಪಾಕ್ ಮಾಡಿ ಬೀದಿಗೆಲ್ಲ ಹಂಚಿದೆ. ಪಕ್ಕದ ಮನೆಯಾಕೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ಬ್ಯಾಲಟ್ ಇನ್ನೂ ಎರಡು ವಾರ ಇದೆಯಲ್ಲ ಅಂದಳು. ಯಾವ ಬ್ಯಾಲಟ್? ಎರಡೂವರೆ ಪರ್ಸೆಂಟ್ ದಾಟಬೇಕಾದರೆ ಸಭೆಯಲ್ಲಿ ಗೆದ್ದರೂ ಸಾಲದು, ಪ್ರತ್ಯೇಕವಾಗಿ ಒಂದು ಚುನಾವಣೆ ನಡೆದು ಅಲ್ಲೂ ಬಹುಮತ ಬರಬೇಕು. ಕೆಲವು ಊರುಗಳಲ್ಲಿ ಬ್ಯಾಲಟ್ ಮುಂಚೆ, ಕೆಲವು ಕಡೆ ಆಮೇಲೆ. ಎರಡೂ ಗೆಲ್ಲಲೇಬೇಕು. ನಮ್ಮವರಿಗೆಲ್ಲ ಮೆಸೇಜ್ ಹಾಕಿದೆ. “ಮತ್ತೆ ಯಾಕೆ, ಗೆದ್ದಾಯ್ತಲ್ವಾ?” ಅಂತ ಉತ್ತರ ಬಂತು. ಕೆಲವರು ಆಗಲೇ ರಜೆಗೆ ಬೆಂಗಳೂರಿಗೆ ಹಾರಿದ್ದರು. ಬ್ಯಾಲಟ್‌ನಲ್ಲಿ ಸೋತೆವು.

ಕೊನೆಗೆ 2019ರಲ್ಲಿ ಎರಡೂ ಗೆದ್ದಿತು. 14 ಮಿಲಿಯನ್ ಇದ್ದ ಅಂದಾಜು ಅಷ್ಟರಲ್ಲಿ 19 ಮಿಲಿಯನ್ ಆಗಿತ್ತು. ಆಮೇಲೆ ಟೆಂಡರ್, ಕೋವಿಡ್, ಎಲ್ಲ ಆಗಿ ಬಾಗಿಲು ತೆಗೆದದ್ದು 2023ರ ಸೆಪ್ಟೆಂಬರ್. ಮೊದಲ ಸಲ ಮಾತು ಶುರುವಾದಾಗ ನನ್ನ ಮಗಳಿಗೆ ಒಂಬತ್ತು. ಅಆಇಈ ಬರೆಯುತ್ತಿದ್ದಳು. ಕಟ್ಟಡ ಮುಗಿಯುವ ಹೊತ್ತಿಗೆ ಕಾಲೇಜಿಗೆ ಬೇರೆ ರಾಜ್ಯಕ್ಕೆ ಹೋಗಿಯಾಗಿತ್ತು. ಯಾವ ಹುಡುಗಿ ಕನ್ನಡ ಕಲಿಯಲಿ ಅಂತ ನಾನು ಮೈಕ್ ಹಿಡಿದೆನೋ ಆ ಹುಡುಗಿ ಕಲಿತದ್ದೆಲ್ಲ ಲೈಬ್ರರಿಯ ನೆಲಮಾಳಿಗೆಯಲ್ಲೇ. ಈಗ ಅರಸೀಕೆರೆಯ ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾಳೆ, ಅರ್ಧ ಕನ್ನಡ, ಅರ್ಧ ನಗು. ಹೊಸ ಹಾಲ್‌ನಲ್ಲಿ ಕೂತು ಕಲಿಯುವವರು ಬೇರೆಯವರ ಮಕ್ಕಳು, ನಿಮ್ಮ ಮಕ್ಕಳು. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳು.

ಇನ್ನೊಂದು ತಪ್ಪು ಬಾಕಿ ಇದೆ, ಇದು ಎಲ್ಲಕ್ಕಿಂತ ಹೊಟ್ಟೆ ಉರಿಸುವಂಥದ್ದು. ಗೆದ್ದ ಮೇಲೆ ನಾವೆಲ್ಲ ಮನೆಗೆ ಹೋಗಿ ಮಲಗಿದೆವು. ಆದರೆ ಒಳಗೆ ಏನು ಎಲ್ಲಿರಬೇಕು ಅನ್ನುವುದನ್ನು ಬಿಲ್ಡಿಂಗ್ ಕಮಿಟಿ ತೀರ್ಮಾನಿಸುತ್ತದೆ. ಅವರ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ವೀಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಕನಿಷ್ಠ 48 ಗಂಟೆ ಮುಂಚೆ, ಶನಿವಾರ ಭಾನುವಾರ ಬಿಟ್ಟು, ನೋಟಿಸ್ ಹಾಕಲೇಬೇಕು ಅಂತ ಕಾನೂನಿದೆ. ಹಾಕಿದ್ದರು, ಪ್ರತಿ ಸಲ ಹಾಕಿದ್ದರು. ಮಂಗಳವಾರ ಬೆಳಗ್ಗೆ ಎಂಟಕ್ಕೆ. ನಾನು ಒಂದಕ್ಕೂ ಹೋಗಲಿಲ್ಲ. ನಮ್ಮವರು ಒಬ್ಬರೂ ಹೋಗಲಿಲ್ಲ. ಊರುಗೋಲಿನ ಅಜ್ಜಿ ಎಲ್ಲದಕ್ಕೂ ಹೋಗಿದ್ದರು. ಕಟ್ಟುವುದೇ ಆದರೆ ಸರಿಯಾಗಿ ಕಟ್ಟಲಿ ಅಂತ. ಅವರ ದಯದಿಂದ ಕುರ್ಚಿಗಳಿಗೆಲ್ಲ ಕೈ ಇದೆ, ಬಾಗಿಲುಗಳು ಭಾರ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿಲ ಹತ್ತಿರ ನಿಂತು ಯಾರು ಕೊಟ್ಟಿದ್ದು ಅಂತ ಕಲ್ಲು ಹುಡುಕಿದಳು. ಆಮೇಲೆ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿದಳು. ಅದಕ್ಕೂ ಜಾಗ ಇಲ್ಲ. ಅಡುಗೆಮನೆಗೆ ಹೋದೆವು. ಸ್ಟೀಲ್ ಕಟ್ಟೆ, ಎರಡು ಸಿಂಕ್, ದೊಡ್ಡ ಫ್ರಿಜ್, ತಂದ ಅಡುಗೆ ಬಿಸಿ ಮಾಡುವ ಪೆಟ್ಟಿಗೆ. ಅಮ್ಮ ಒಂದು ಸುತ್ತು ಹಾಕಿ, ಕಟ್ಟೆ ಸವರಿ, ಕೆಳಗಿನ ಬಾಗಿಲನ್ನೂ ತೆಗೆದು ನೋಡಿದಳು.

“ಎಲ್ಲಾ ಚೆನ್ನಾಗಿದೆ ಕಣೇ,” ಅಂದಳು. “ಒಲೆ ಎಲ್ಲಿ?”