ಒಂಬತ್ತು ವೋಟಿನಲ್ಲಿ ಸೋತೆ

ನಾನು ಮೋಟರ್ ರಿವೈಂಡಿಂಗ್ ಮಾಡುವವನು, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವವನು. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ನಮ್ಮೂರು. ಸುತ್ತಮುತ್ತ ಯಾರ ಬೋರ್‌ವೆಲ್ ಎಷ್ಟು ಅಡಿ, ಯಾರ ಮೋಟರ್ ಎಷ್ಟು ಸಲ ಸುಟ್ಟಿದೆ, ಎಲ್ಲ ನನಗೆ ಬಾಯಿಪಾಠ. ಹಾಗಾಗಿ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂದಾಗ, 'ನೀನೇ ನಿಂತ್ಕೋ, ನಿನಗೆ ಗೊತ್ತಿಲ್ಲದ ಮನೆ ಇದೆಯಾ' ಎಂದು ಗೆಳೆಯರು ಹೇಳಿದ್ದು ಸರಿ ಅನಿಸಿತು. ಗೊತ್ತಿರುವುದೇ ತೊಂದರೆ ಎಂದು ಆಗ ಹೊಳೆಯಲಿಲ್ಲ.

ನಿಲ್ಲಬೇಕು ಅನಿಸಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಕುಡಿಯುವ ನೀರಿನ ಮೋಟರ್ ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತ್ತು. ಮೂರೂ ಸಲ ನಾನೇ ಕಟ್ಟಿಕೊಟ್ಟೆ. ವೋಲ್ಟೇಜ್ ಕಡಿಮೆ, ಸ್ಟಾರ್ಟರ್ ಸರಿಯಿಲ್ಲ, ಪ್ಯಾನೆಲ್ ಬದಲಾಯಿಸಿ ಅಂತ ಪ್ರತಿ ಸಲವೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ಕೂತರೆ ಕೇಳಲೇಬೇಕಲ್ವಾ ಅಂದುಕೊಂಡೆ.

ಮೊದಲ ಪೆಟ್ಟು ಅಲ್ಲೇ ಬಿತ್ತು. ಪಂಚಾಯ್ತಿ ಕೆಲಸದಲ್ಲಿ ಹಣಕಾಸಿನ ಪಾಲು ಇರುವವರು ಸದಸ್ಯರಾಗುವ ಹಾಗಿಲ್ಲ, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ ಎಂದು ನಿವೃತ್ತ ಮೇಷ್ಟ್ರೊಬ್ಬರು ಎಚ್ಚರಿಸಿದರು. ನಾನು ಕಟ್ಟಿದ ಮೋಟರಿನ ಬಿಲ್ ಇನ್ನೂ ಬಾಕಿ ಇತ್ತು. ನಾಮಪತ್ರ ಪರಿಶೀಲನೆ ದಿನ ಯಾರಾದರೂ ತಕರಾರು ಎತ್ತಿದರೆ ಕಥೆ ಮುಗಿಯಿತು. ಓಡಾಡಿ ಬಿಲ್ ತೀರಿಸಿಕೊಂಡೆ, ಇನ್ನು ಮುಂದೆ ಈ ಕೆಲಸ ಬೇಡ ಎಂದು ಬರೆದುಕೊಟ್ಟೆ. ಮನೆ ಕಂದಾಯ ಎರಡು ವರ್ಷದ್ದು ಉಳಿದಿತ್ತು, ಅದನ್ನೂ ಕಟ್ಟಿ ರಸೀದಿ ಜೇಬಿಗೆ ಹಾಕಿಕೊಂಡೆ. ಎಲೆಕ್ಷನ್‌ಗೆ ನಿಲ್ಲುವವರು ಭಾಷಣ ಕಲಿಯುವ ಮೊದಲು ಇಂಥ ಚೀಟಿಗಳನ್ನು ಜೋಡಿಸಿಕೊಳ್ಳಬೇಕು.

ನಮ್ಮ ತಾಲ್ಲೂಕಿಗೆ ಎರಡನೇ ಹಂತ. ನಾಮಪತ್ರಕ್ಕೆ 16 ಕೊನೆ ದಿನ, 19ಕ್ಕೆ ವಾಪಸ್ ತೆಗೆಯುವುದು, 27ಕ್ಕೆ ಮತದಾನ. ಠೇವಣಿ 200 ರೂಪಾಯಿ. ಸೂಚಕರ ಸಹಿಗೆ ನಮ್ಮ ಬೀದಿಯವರನ್ನೇ ಕರೆದುಕೊಂಡು ಹೋದೆ. ಚಿಹ್ನೆ ಹೊಲಿಗೆ ಮಿಷನ್ ಬಂತು. ಪಂಚಾಯ್ತಿ ಎಲೆಕ್ಷನ್‌ಗೆ ಪಕ್ಷದ ಚಿಹ್ನೆ ಇಲ್ಲ, ಆಯೋಗ ಕೊಟ್ಟಿದ್ದರಲ್ಲೇ ಒಂದನ್ನು ಹಿಡಿಯಬೇಕು. ಮೋಟರ್ ರಿಪೇರಿಯವನ ಕೈಗೆ ಹೊಲಿಗೆ ಮಿಷನ್! ಊರೆಲ್ಲ ನಕ್ಕರು. ನಕ್ಕಿದ್ದು ಒಳ್ಳೆಯದೇ ಆಯಿತು, ಚಿಹ್ನೆ ಯಾರೂ ಮರೆಯಲಿಲ್ಲ. ಚಿಹ್ನೆ ಇಲ್ಲದಿದ್ದರೂ ಪಕ್ಷ ಇಲ್ಲದೆ ಇರುತ್ತದಾ? ಎರಡೂ ಕಡೆಯವರು ರಾತ್ರಿ ಹೊತ್ತು ಬಂದು 'ನೀನು ನಮ್ಮವನು ತಾನೇ' ಎಂದು ಕೇಳಿ ಹೋದರು. ಇಬ್ಬರಿಗೂ ಟೀ ಕೊಟ್ಟು ಕಳಿಸಿದೆ.

ಪ್ರಚಾರಕ್ಕೆ ಸಿಕ್ಕಿದ್ದು ಒಂದು ವಾರವೂ ಅಲ್ಲ. ಮತದಾರರ ಪಟ್ಟಿಯ ಜೆರಾಕ್ಸ್ ತಂದು ಮೇಷ್ಟ್ರ ಜಗುಲಿಯಲ್ಲಿ ಕೂತೆವು. ನಮ್ಮ ಕ್ಷೇತ್ರದಲ್ಲಿ 870 ಚಿಲ್ಲರೆ ಹೆಸರು. ಒಂದೊಂದು ಹೆಸರಿನ ಮುಂದೆ ಗುರುತು ಹಾಕಿದೆವು. ಖಂಡಿತ ಹಾಕುವವರಿಗೆ ರೈಟ್, ಹಾಕದವರಿಗೆ ತಪ್ಪು, ಗೊತ್ತಿಲ್ಲದವರಿಗೆ ಸೊನ್ನೆ. ಬೆಂಗಳೂರಿನಲ್ಲಿ ಇರುವವರದೇ ಬೇರೆ ಪಟ್ಟಿ. ಅವರಿಗೆಲ್ಲ ಫೋನ್ ಮಾಡಿದೆ. 27 ಭಾನುವಾರ ಆಗಿದ್ದರಿಂದ ಬರುತ್ತೇವೆ ಅಂದರು, ಸುಮಾರು ಜನ ಬಂದರು ಕೂಡ.

ಮನೆಮನೆಗೆ ಹೋದಾಗ ನಿಜವಾದ ಎಲೆಕ್ಷನ್ ಶುರುವಾಯಿತು. ಪರವೂರಲ್ಲಿ ವೋಟು ಕೇಳುವವನು ತನ್ನ ಪರಿಚಯ ಹೇಳಿಕೊಂಡರೆ ಸಾಕು. ಸ್ವಂತ ಊರಲ್ಲಿ ಹಳೇ ಲೆಕ್ಕ ಒಪ್ಪಿಸಬೇಕು. ಒಂದು ಮನೆಯಲ್ಲಿ, 'ನಮ್ಮ ಮೋಟರ್ ಹದಿನೈದು ದಿನ ಇಟ್ಕೊಂಡೆ, ಹುರುಳಿ ಒಣಗಿತು' ಅಂದರು. ಇನ್ನೊಂದು ಮನೆಯಲ್ಲಿ ನಮ್ಮಪ್ಪ ಇಪ್ಪತ್ತು ವರ್ಷದ ಹಿಂದೆ ಬದುವಿನ ಕಲ್ಲು ಸರಿಸಿದ್ದು ಎದ್ದು ಬಂತು. ಮದುವೆಗೆ ಕರೆದರೂ ಹೋಗದಿದ್ದದ್ದು, ಸಾವಿಗೆ ತಡವಾಗಿ ಹೋಗಿದ್ದು, ಎಲ್ಲಕ್ಕೂ ಜವಾಬು ಕೊಡಬೇಕಾಯಿತು. ಮೊದಲ ದಿನ ವಾದ ಮಾಡಿದೆ. ಎರಡನೇ ದಿನದಿಂದ ಸುಮ್ನೆ ಕೂತು ಕೇಳಿದೆ. ತಪ್ಪಿದ್ದ ಕಡೆ 'ತಪ್ಪಾಯ್ತು' ಅಂದೆ. ಹುರುಳಿ ಒಣಗಿದವರ ಮನೆಯಲ್ಲಿ ಆ ಮಾತು ಬಾಯಿಂದ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅವರು ವೋಟು ಹಾಕಿದರೋ ಇಲ್ಲವೋ, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

'ಹಾಕಲ್ಲ' ಎಂದು ಮುಖಕ್ಕೆ ಹೇಳಿದವರು ಇಬ್ಬರೇ. ಉಳಿದವರೆಲ್ಲ 'ನಿನಗೆ ಹಾಕ್ದೆ ಇನ್ಯಾರಿಗೆ ಹಾಕೋಣ' ಅಂದವರೇ. ಎದುರಾಳಿಗೂ ಅದೇ ಮಾತು ಹೇಳಿದ್ದರು, ಅದು ಸುಳ್ಳೂ ಅಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

ನಮ್ಮ ಕ್ಷೇತ್ರಕ್ಕೆ ಮೂರು ಸ್ಥಾನ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕ. ಒಂದು ಪರಿಶಿಷ್ಟ ಜಾತಿ ಮಹಿಳೆಗೆ, ಒಂದು ಹಿಂದುಳಿದ ವರ್ಗಕ್ಕೆ, ಒಂದು ಸಾಮಾನ್ಯ. ಎಷ್ಟು ಸ್ಥಾನವೋ ಒಬ್ಬೊಬ್ಬ ಮತದಾರನಿಗೆ ಅಷ್ಟು ವೋಟು. ಅಂದರೆ ಮೂರು ಮುದ್ರೆ, ಬೇರೆ ಬೇರೆ ಮೂವರಿಗೆ. ಹಾಗಾಗಿ ಒಂದೇ ಮನೆಯವರು ನನಗೂ ಎದುರಾಳಿಗೂ ಹಾಕಬಹುದಿತ್ತು, ಹಾಕಿದರು ಕೂಡ. ಇದು ಗೊತ್ತಿದ್ದವರು ಕೊನೆಯ ಎರಡು ದಿನ 'ಸಿಂಗಲ್ ಒತ್ತಿ' ಎಂದು ತಮ್ಮವರಿಗೆ ಗುಟ್ಟಾಗಿ ಹೇಳಿಕೊಂಡು ಬಂದರು. ಒಬ್ಬರಿಗೇ ಒತ್ತಿ ಉಳಿದ ಎರಡು ಬಿಟ್ಟರೆ ಬೇರೆಯವರ ಲೆಕ್ಕ ಏರುವುದಿಲ್ಲ. ನಮ್ಮ ಹುಡುಗರೂ ಹಾಗೇ ಹೇಳೋಣ ಅಂದರು. ಆದರೆ ಮಹಿಳಾ ಸ್ಥಾನಕ್ಕೆ ನಿಂತಿದ್ದ ಅಕ್ಕನ ಜೊತೆ ಸೇರಿ ಕರಪತ್ರ ಹಂಚಿದ್ದೆ. ಹಗಲು ಜೊತೆಗೆ ಕೈ ಮುಗಿದು, ರಾತ್ರಿ ಅವರಿಗೆ ಒತ್ತಬೇಡಿ ಅನ್ನುವುದು ನನ್ನ ಕೈಲಿ ಆಗಲಿಲ್ಲ.

ದುಡ್ಡಿನ ವಿಷಯ ಜಾಸ್ತಿ ಬರೆಯುವುದಿಲ್ಲ. ಕರಪತ್ರ, ಆಟೋ ಮೈಕು, ಹುಡುಗರ ಊಟ ಸೇರಿ ನನಗೆ 31 ಸಾವಿರ ಆಯಿತು. 26ರ ರಾತ್ರಿ ಊರಲ್ಲಿ ಏನು ನಡೆಯಿತು ಎಂಬುದು ನಾಯಿಗಳ ಬೊಗಳಾಟದಿಂದಲೇ ತಿಳಿಯುತ್ತಿತ್ತು. ನಾನು ಹಂಚಲಿಲ್ಲ. ಅದರಲ್ಲಿ ದೊಡ್ಡತನ ಏನಿಲ್ಲ, ಇದ್ದ ದುಡ್ಡು ಅಷ್ಟರಲ್ಲೇ ಮುಗಿದಿತ್ತು.

ಮತಪತ್ರ ಕಾಗದದ್ದು. 30ಕ್ಕೆ ತಾಲ್ಲೂಕು ಕೇಂದ್ರದಲ್ಲಿ ಎಣಿಕೆ. ಕಾಗದ ಬಿಡಿಸಿ, ಕಂತೆ ಕಟ್ಟಿ, ಮೂರು ಮೂರು ಮುದ್ರೆ ನೋಡುತ್ತಾ ಹೋಗುವುದೆಂದರೆ ಹೊತ್ತು ಹಿಡಿಯುತ್ತದೆ. ನಮ್ಮ ಸರದಿ ಬಂದಾಗ ಕತ್ತಲಾಗಿತ್ತು. ಟೇಬಲ್ ಮೇಲೆ ತಿರಸ್ಕೃತ ಮತಪತ್ರಗಳದೇ ಒಂದು ರಾಶಿ ಬೆಳೆಯುತ್ತಿತ್ತು. ತಂತಿ ಜಾಲರಿಯ ಈಚೆಯಿಂದ ಬಗ್ಗಿ ಬಗ್ಗಿ ನೋಡಿದೆ. ನಾಲ್ಕು ಮುದ್ರೆ, ಐದು ಮುದ್ರೆ. ಒಂದರಲ್ಲಂತೂ ಇದ್ದಬದ್ದ ಎಲ್ಲ ಚಿಹ್ನೆಗೂ ಒತ್ತಿದ್ದರು. ಹೀಗೆ ಹೋದವು 34. ನಾನು ಸೋತಿದ್ದು ಒಂಬತ್ತರಲ್ಲಿ.

ಮಾರನೇ ದಿನ ಮೂಲೆಮನೆ ಅಜ್ಜಿ ಸಿಕ್ಕಿತು. ಎಂಬತ್ತು ದಾಟಿದೆ, ನನ್ನನ್ನು ಎತ್ತಿ ಆಡಿಸಿದ ಜೀವ. 'ಸೋತ್ಯಂತಲ್ಲಪ್ಪ, ನಾನು ಹೊಲಿಗೆ ಮಿಷನ್‌ಗೆ ಸರಿಯಾಗಿ ಒತ್ತಿದ್ನಲ್ಲ' ಅಂತು. ಬೇರೆ ಯಾರಿಗೆ ಒತ್ತಿದೆ ಅಜ್ಜಿ ಅಂದೆ. 'ಎಲ್ಲರಿಗೂ ಒಂದೊಂದು ಒತ್ತಿದೆ. ಬಂದು ಕಾಲು ಮುಟ್ಟಿ ಕೇಳಿದೋರಿಗೆ ಇಲ್ಲ ಅನ್ನಕಾಗ್ತದಾ' ಅಂತು.

ಅಷ್ಟೂ ದಿನ ಮನೆಮನೆ ತಿರುಗಿ ಹೊಲಿಗೆ ಮಿಷನ್ ತೋರಿಸಿದ್ದೆ. ಮೂರಕ್ಕಿಂತ ಜಾಸ್ತಿ ಒತ್ತಬೇಡಿ ಎಂದು ಒಂದು ಮನೆಯಲ್ಲೂ ಹೇಳಿರಲಿಲ್ಲ. ಎದುರಾಳಿ ಕಡೆಯವರು ಮಾದರಿ ಪತ್ರ ಮಾಡಿಸಿ, ಇಂಕ್ ಪ್ಯಾಡ್ ಇಟ್ಟುಕೊಂಡು ವಯಸ್ಸಾದವರಿಂದ ಒತ್ತಿಸಿ ನೋಡಿದ್ದರಂತೆ. ಆಗ ನಾವು ಆಟೋದಲ್ಲಿ ಮೈಕು ಕಟ್ಟಿಕೊಂಡು ಸುತ್ತುತ್ತಿದ್ದೆವು.

ಎರಡು ತಿಂಗಳು ಕಳೆದಿರಬೇಕು, ಬೇಸಿಗೆ ಶುರುವಾಗಿತ್ತು. ರಾತ್ರಿ ಹತ್ತಕ್ಕೆ ನೀರುಗಂಟಿ ಬಾಗಿಲು ಬಡಿದ. ಮೋಟರ್ ಮತ್ತೆ ಸುಟ್ಟಿದೆ, ಗೆದ್ದ ಮೆಂಬರೇ ಕಳಿಸಿದ್ದಾರೆ ಅಂದ. ಟೂಲ್ ಬಾಕ್ಸ್ ತೆಗೆದುಕೊಂಡು ಹೋದೆ. ಮೆಂಬರ್ ಅಲ್ಲೇ ನಿಂತಿದ್ದರು, ಟಾರ್ಚ್ ಹಿಡಿದರು. ಸ್ಟಾರ್ಟರ್ ತೋರಿಸಿ, ಪ್ಯಾನೆಲ್ ಬದಲಾಯಿಸದಿದ್ದರೆ ಇದು ಹೀಗೇ ಎಂದು ನಾಲ್ಕನೇ ಸಲ ಹೇಳಿದೆ. 'ಮೀಟಿಂಗ್‌ನಲ್ಲಿ ಇಡ್ತೀನಿ, ನೀನೇ ಒಂದು ಎಸ್ಟಿಮೇಟ್ ಬರ್ಕೊಡು' ಅಂದರು. ಬರೆದುಕೊಟ್ಟೆ. ಮೆಂಬರ್ ಅಲ್ಲವಲ್ಲ, ಈ ಸಲ ಬಿಲ್ಲೂ ಹಾಕಿದೆ.