ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ: ಎಥಿಲೀನ್ ಜೀನ್‌ಗಳನ್ನು ಹೋಲಿಸುವ ಕ್ರಮ

ಬಲಿತ ಟೊಮೆಟೊ ಕಿತ್ತ ಮೇಲೂ ಹಣ್ಣಾಗುತ್ತದೆ. ಹಸಿರಿದ್ದಾಗಲೇ ಕಿತ್ತ ಮೆಣಸಿನಕಾಯಿ ಸಾಮಾನ್ಯವಾಗಿ ಹಾಗೆ ಹಣ್ಣಾಗದು. ಎರಡೂ ಬದನೆ ಕುಟುಂಬದವೇ. ಈ ವ್ಯತ್ಯಾಸ ಹುಡುಕುವವರು ಹಣ್ಣು ಮಾಗಿಸುವ ಅನಿಲರೂಪದ ಹಾರ್ಮೋನ್ ಎಥಿಲೀನ್ ತಯಾರಿಸುವ ಜೀನ್‌ಗಳಿಂದ ಶುರುಮಾಡಬಹುದು. ಎಸ್-ಅಡೆನೊಸಿಲ್ ಮೆಥಿಯೊನಿನ್‌ನಿಂದ ಎಸಿಎಸ್ ಕಿಣ್ವ ಎಸಿಸಿ ಎಂಬ ನಡುವಿನ ವಸ್ತುವನ್ನು ತಯಾರಿಸುತ್ತದೆ, ಎಸಿಸಿಯಿಂದ ಎಸಿಒ ಕಿಣ್ವ ಎಥಿಲೀನ್ ತಯಾರಿಸುತ್ತದೆ. ಹಂತ ಎರಡೇ ಆದರೂ ಪ್ರತಿಯೊಂದಕ್ಕೂ ಹಲವು ಜೀನ್‌ಗಳಿವೆ, ತೊಡಕೆಲ್ಲ ಅಲ್ಲೇ.

ಟೊಮೆಟೊದ ಹೈನ್ಜ್ 1706 ತಳಿ, ಆಲೂಗಡ್ಡೆಯ ಡಿಎಂ ತಳಿ, ಜೊತೆಗೆ ಬದನೆ ಮತ್ತು ಮೆಣಸಿನಕಾಯಿಯ ಪ್ರೋಟೀನ್ ಫಾಸ್ಟಾ (ಅನುಕ್ರಮಗಳಿರುವ) ಹಾಗೂ ಜಿಎಫ್‌ಎಫ್ (ಜೀನ್‌ಗಳ ಸ್ಥಾನ ತಿಳಿಸುವ) ಕಡತಗಳನ್ನು ಇಳಿಸಿಕೊಳ್ಳಿ. ಒಂದು ಬೆಳೆಯ ಎರಡೂ ಕಡತ ಒಂದೇ ಆವೃತ್ತಿಯವಾಗಿರಲಿ. ಜೀನ್‌ಗೊಂದರಂತೆ ಅತಿ ಉದ್ದದ ಪ್ರೋಟೀನ್ ಮಾತ್ರ ಉಳಿಸಿ, ಇಲ್ಲದಿದ್ದರೆ ಒಂದೇ ಜೀನ್‌ನ ರೂಪಾಂತರಗಳು ಬೇರೆಬೇರೆ ಜೀನ್‌ಗಳಂತೆ ಎಣಿಕೆಗೆ ಬರುತ್ತವೆ.

ಟೊಮೆಟೊದ ಎಸಿಎಸ್2 (ಜೀನ್ ಸಂಖ್ಯೆ ಸಾಲಿಕ್01ಜಿ095080), ಎಸಿಎಸ್4 (ಸಾಲಿಕ್05ಜಿ050010), ಎಸಿಒ1 (ಸಾಲಿಕ್07ಜಿ049530) ಹಾಗೂ ಮಾದರಿ ಸಸ್ಯವಾದ ಅರಾಬಿಡಾಪ್ಸಿಸ್‌ನ ಎಲ್ಲ ಎಸಿಎಸ್‌ಗಳನ್ನು ಇಟ್ಟುಕೊಂಡು, ಹೋಲುವ ಪ್ರೋಟೀನ್‌ಗಳನ್ನು ಹುಡುಕುವ ಬ್ಲಾಸ್ಟ್‌ಪಿ ಓಡಿಸಿ. ಇ-ಮೌಲ್ಯದ (ಅಂಥ ಹೊಂದಿಕೆ ಆಕಸ್ಮಿಕವಾಗಿ ಸಿಗುವ ನಿರೀಕ್ಷೆ) ಮಿತಿ 1ಇ-10 ಸಾಕು. ಅರಾಬಿಡಾಪ್ಸಿಸ್‌ನ ಎಸಿಎಸ್10, ಎಸಿಎಸ್12 ಹೆಸರಿಗೆ ಮಾತ್ರ ಎಸಿಎಸ್, ಕೆಲಸದಲ್ಲಿ ಬೇರೆ ಅಮೈನೊಟ್ರಾನ್ಸ್‌ಫರೇಸ್‌ಗಳು. ಅವನ್ನು ಬೇಕೆಂದೇ ಸೇರಿಸಿ: ವಂಶವೃಕ್ಷದಲ್ಲಿ ಅವುಗಳ ಕೊಂಬೆಗೆ ಸೇರಿದವನ್ನು ಕೈಬಿಡಬಹುದು. ಎಸಿಒ ಇನ್ನೂ ಕಷ್ಟ. ಅದು ದೊಡ್ಡ ಡೈಆಕ್ಸಿಜನೇಸ್ ಬಳಗದ್ದಾದ್ದರಿಂದ ಜಿಬ್ಬರೆಲಿನ್ ಆಕ್ಸಿಡೇಸ್‌ಗಳೂ ಬಲೆಗೆ ಬೀಳುತ್ತವೆ.

ಎಸಿಎಸ್ ಪ್ರೋಟೀನ್ ಸಾಮಾನ್ಯವಾಗಿ 440ರಿಂದ 490 ಅಮೈನೊ ಆಮ್ಲದಷ್ಟು ಉದ್ದ. 250 ಅಥವಾ 900 ಬಂದರೆ ಜೀನ್ ಮಾದರಿಯೇ ತುಂಡಾಗಿದೆ ಅಥವಾ ಪಕ್ಕದ ಜೀನ್ ಜೊತೆ ಅಂಟಿಕೊಂಡಿದೆ ಎಂದು ಶಂಕಿಸಿ. ಜೀನ್ ಸಿಗಲೇ ಇಲ್ಲವೆಂದರೆ ‘ಕಳೆದುಹೋಗಿದೆ’ ಎಂದು ಬರೆಯುವ ಮೊದಲು ಪ್ರೋಟೀನನ್ನು ನೇರ ಡಿಎನ್‌ಎಯಲ್ಲೇ ಹುಡುಕುವ ಟಿಬ್ಲಾಸ್ಟ್‌ಎನ್ ಅನ್ನು ಇಡೀ ಜೀನೋಮ್ ಮೇಲೆ ಓಡಿಸಲೇಬೇಕು.

ಅನುಕ್ರಮಗಳನ್ನು ಸಾಲುಗೂಡಿಸುವ ಜೋಡಣೆಗೆ ಮಾಫ್ಟ್ ತಂತ್ರಾಂಶದ ಎಲ್-ಐಎನ್‌ಎಸ್-ಐ ವಿಧಾನ ಒಳ್ಳೆಯದು. ಟ್ರಿಮ್‌ಎಎಲ್ ತಂತ್ರಾಂಶದಿಂದ ಕತ್ತರಿಸಿದ ಜೋಡಣೆ ವಂಶವೃಕ್ಷ ಕಟ್ಟಲು ಮಾತ್ರ. ಪೂರ್ಣ ಜೋಡಣೆಯನ್ನು ಬೇರೆ ಉಳಿಸಿ. ಕತ್ತರಿಗೆ ಮೊದಲು ಬಲಿಯಾಗುವುದೇ ಸಿ-ತುದಿ (ಪ್ರೋಟೀನ್‌ನ ಕೊನೆಯ ಭಾಗ), ಎಸಿಎಸ್‌ನ ಮೂರು ವಿಧಗಳನ್ನು ಬೇರ್ಪಡಿಸುವ ಫಾಸ್ಫೊರಿಲೀಕರಣದ ಗುರುತುಗಳಿರುವುದೂ ಅಲ್ಲೇ. ಆ ಬಾಲವನ್ನು ಕಣ್ಣಾರೆ ನೋಡಿ. ವೃಕ್ಷ ಕಟ್ಟುವ ಐಕ್ಯೂ-ಟ್ರೀಯಲ್ಲಿ 1000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ಕವಲುಗಳ ವಿಶ್ವಾಸಾರ್ಹತೆಯ ಪರೀಕ್ಷೆ) ಕೊಡಿ, 95ಕ್ಕಿಂತ ಕಡಿಮೆ ಬಂದ ಕವಲನ್ನು ನೆಚ್ಚಬೇಡಿ.

ಈ ಕುಟುಂಬದ ಪೂರ್ವಜನಲ್ಲಿ ಇಡೀ ಜೀನೋಮ್ ಮೂರುಪಟ್ಟಾಗಿತ್ತು. ಹಾಗಾಗಿ ಅತ್ಯುತ್ತಮ ಬ್ಲಾಸ್ಟ್ ಹೊಂದಿಕೆಯೊಂದನ್ನೇ ಆರ್ಥೊಲಾಗ್ (ಪ್ರಭೇದಗಳು ಬೇರೆಯಾದಾಗ ಒಂದೇ ಪೂರ್ವಜ ಜೀನ್‌ನಿಂದ ಕವಲೊಡೆದ ಜೀನ್) ಎಂದರೆ ದಾರಿ ತಪ್ಪುತ್ತದೆ. ಆಚೀಚೆಯ ಹತ್ತು ಹತ್ತು ಜೀನ್‌ಗಳ ಸಾಲು ಕೂಡುತ್ತದೆಯೇ ಎಂದು ಎಂಸಿಸ್ಕ್ಯಾನ್‌ಎಕ್ಸ್ ತಂತ್ರಾಂಶದಲ್ಲಿ ನೋಡಿ. ಇದೇ ಕುಟುಂಬದ ತಂಬಾಕನ್ನೂ ಸೇರಿಸುವುದಾದರೆ, ಅದು ಎರಡು ಪ್ರಭೇದಗಳ ಸಂಕರ, ಅಲ್ಲಿನ ಜೋಡಿ ಪ್ರತಿಗಳನ್ನು ಹೊಸ ದ್ವಿಗುಣ ಎಂದು ಎಣಿಸಬಾರದು.

ಕೊನೆಗೆ ಅಭಿವ್ಯಕ್ತಿ, ಅಂದರೆ ಜೀನ್ ಎಷ್ಟು ಚುರುಕಾಗಿದೆ ಎಂಬುದು. ಎರಡು ಬೆಳೆಗಳ ಟಿಪಿಎಂ (ಅಭಿವ್ಯಕ್ತಿಯ ಅಳತೆ) ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ; ಬಲಿತ ಹಸಿರು, ಬಣ್ಣ ತಿರುಗುವ ಹಂತ, ಪೂರ್ಣ ಕೆಂಪು ಎಂದು ಹಂತ ಹೊಂದಿಸಿ, ಆಯಾ ಬೆಳೆಯೊಳಗಿನ ಏರಿಳಿತವನ್ನಷ್ಟೇ ಹೋಲಿಸಿ. ಟೊಮೆಟೊದಲ್ಲಿ ಎಸಿಎಸ್2, ಎಸಿಎಸ್4 ಮಾಗುವಾಗ ಏರುತ್ತವೆ, ಮಾಗುವಿಕೆಯನ್ನು ನಿಯಂತ್ರಿಸುವ ರಿನ್ ಪ್ರೋಟೀನ್ ಇವುಗಳ ಪ್ರೊಮೋಟರ್‌ನಲ್ಲಿ (ಜೀನ್‌ಗೆ ಮೊದಲಿರುವ ಚಾಲನೆಯ ಭಾಗ) ಸಿಎಆರ್‌ಜಿ ಎಂಬ ತಾಣದ ಮೇಲೆ ಕೂರುತ್ತದೆ. ಮೆಣಸಿನಕಾಯಿಯ ಆರ್ಥೊಲಾಗ್‌ ಆರಂಭವಾಗುವ ಮೊದಲಿನ 2000 ಬೇಸ್‌ಗಳಲ್ಲಿ ಅದೇ ಸಿಎಆರ್‌ಜಿ ತಾಣ ಹುಡುಕಿ. ಆದರೆ ಅದು ಹತ್ತೇ ಬೇಸ್‌ಗಳ ಸಡಿಲ ಗುರುತು, ಆಕಸ್ಮಿಕವಾಗಿಯೂ ಸಿಗುತ್ತದೆ; ಪ್ರೋಟೀನ್ ಡಿಎನ್‌ಎಯಲ್ಲಿ ನಿಜವಾಗಿ ಎಲ್ಲಿ ಕೂತಿದೆ ಎಂದು ತೋರಿಸುವ ಚಿಪ್-ಸೀಕ್ವೆನ್ಸಿಂಗ್ ಪುರಾವೆ ಇಲ್ಲದೆ ಅದನ್ನು ನಿಯಂತ್ರಣ ಎನ್ನಲಾಗದು.