ಸೌರಫಲಕ ತಿರುಗಿಸುವ ಸರ್ಕ್ಯೂಟ್: ಗುರಿಗಿಂತ ನಡುಕವೇ ದೊಡ್ಡ ಚಿಂತೆ

ಉಪಗ್ರಹದ ಸೌರಫಲಕ ಸೂರ್ಯನಿಂದ 5 ಡಿಗ್ರಿ ವಾರೆಯಾದರೆ ನಷ್ಟ ಶೇ. 0.4, 10 ಡಿಗ್ರಿಯಾದರೆ ಶೇ. 1.5. ಹಾಗಾಗಿ ಗುರಿ ಕೂದಲೆಳೆಯಷ್ಟು ತಪ್ಪಿದರೂ ಪರವಾಗಿಲ್ಲ. ತಿರುಗುವಾಗ ಫಲಕ ನಡುಗಬಾರದು. ಆ ನಡುಕ ಉಪಗ್ರಹದ ಮೈಗೆ ಹತ್ತಿ ಕ್ಯಾಮೆರಾದ ಚಿತ್ರ ಕೆಡುತ್ತದೆ. ಸುರತ್ಕಲ್‌ನಲ್ಲಿ ಮೇಜಿನ ಮೇಲೆ ನಾನು ಕಟ್ಟಿದ ಮಾದರಿ ಇದನ್ನೇ ನೋಡಲು.

ಒಂದು ಸುತ್ತನ್ನು 200 ಹೆಜ್ಜೆಯಲ್ಲಿ ಮುಗಿಸುವ ಸ್ಟೆಪ್ಪರ್ ಮೋಟಾರ್, 20:1 ಗೇರ್, ಮೋಟಾರಿಗೆ ಹೆಜ್ಜೆ ಹಾಕಿಸುವ ಚಿಪ್ ಎ4988 ಡ್ರೈವರ್. ಶಾಫ್ಟ್ ನೆಟ್ಟಗೆ ನಿಲ್ಲಿಸಿ, 1 ಮೀಟರ್ ಉದ್ದ, 1 ಮಿ.ಮೀ. ದಪ್ಪದ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ಅಡ್ಡಕ್ಕೆ ಬಿಗಿದೆ. ತುದಿಗೆ 20 ಗ್ರಾಂನ ನಟ್ ಕಟ್ಟಿದರೆ ಸ್ಕೇಲ್ ಸೆಕೆಂಡಿಗೆ ಸುಮಾರು 0.7 ಸಲ ತೂಗುತ್ತದೆ. ನಿಜವಾದ ಫಲಕ ತನ್ನ ಉದ್ದದ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ, ಇಲ್ಲಿ ಸ್ಕೇಲ್ ಬಾಗುತ್ತದೆ. ಅನುರಣನದ (ತಳ್ಳಿನ ತಾಳ ತೂಗಾಟದ ತಾಳಕ್ಕೆ ಕೂಡಿ ಓಲಾಟ ಬೆಳೆಯುವುದು) ಲೆಕ್ಕ ಮಾತ್ರ ಒಂದೇ.

ಅಗ್ಗದ ಗೇರಿನ ಹಲ್ಲುಗಳ ನಡುವಿನ ಸಡಿಲ ಹೆಜ್ಜೆಯನ್ನೇ ನುಂಗಿಬಿಡುತ್ತದೆ. ಶಾಫ್ಟಿಗೆ ನೂಲು ಸುತ್ತಿ, ರಾಟೆಯ ಮೇಲೆ ಹಾಯಿಸಿ, 100 ಗ್ರಾಂ ತೂಕ ನೇತುಹಾಕಿ. ಹಲ್ಲು ಒಂದೇ ಕಡೆ ಒತ್ತಿ ನಿಲ್ಲುತ್ತವೆ.

95 ನಿಮಿಷಕ್ಕೆ ಭೂಮಿಯ ಸುತ್ತ ಒಂದು ಸುತ್ತು ಮುಗಿಸುವ ಕಕ್ಷೆಗೆ ಫಲಕ ಸೆಕೆಂಡಿಗೆ 0.063 ಡಿಗ್ರಿ ತಿರುಗಬೇಕು. ಒಂದು ಹೆಜ್ಜೆ 0.09 ಡಿಗ್ರಿ, ಅಂದರೆ ಸೆಕೆಂಡಿಗೆ 0.7 ಹೆಜ್ಜೆ. ಸ್ಕೇಲಿನ ತೂಗಾಟಕ್ಕೇ ತಾಳ ಕೂಡಿತು! ಎರಡು ನಿಮಿಷ ಬಿಟ್ಟರೆ ನಟ್ ಎದ್ದು ಕಾಣುವಷ್ಟು ಓಲಾಡುತ್ತದೆ. 1/16 ಮೈಕ್ರೋಸ್ಟೆಪ್ (ಒಂದು ಹೆಜ್ಜೆಯನ್ನು 16 ಪಾಲು ಮಾಡುವುದು) ಕೊಟ್ಟರೆ ಸೆಕೆಂಡಿಗೆ 11.2 ಪುಟ್ಟ ತಳ್ಳುಗಳಾಗುತ್ತವೆ, ಓಲಾಟ ಅಡಗುತ್ತದೆ. ಸ್ವಲ್ಪ ಉಳಿದರೆ ಮೋಟಾರಿನ ಕರೆಂಟ್ ನೋಡಿ: ತೀರಾ ಕಡಿಮೆಯಿದ್ದರೆ, ಅದು ಸೊನ್ನೆ ದಾಟುವಲ್ಲಿ ಡ್ರೈವರ್ ಒಂದೆರಡು ಮೈಕ್ರೋಸ್ಟೆಪ್ ತಪ್ಪಿಸಿ ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದರೆ, ಕರೆಂಟಿನ ಮಿತಿ ಹೇಳುವ ವೋಲ್ಟೇಜ್ ಆದ ವಿರೆಫ್ 0.4 ವೋಲ್ಟಿಗೆ 0.5 ಆಂಪಿಯರ್. ಮೋಟಾರ್ ಸಪ್ಲೈ ಪಿನ್ನಿಗೆ ತಾಗಿಯೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಪವರ್ ಇದ್ದಾಗ ಮೋಟಾರ್ ವೈರ್ ಕಿತ್ತರೆ ಡ್ರೈವರ್ ಸುಡಬಹುದು.

ಸೂರ್ಯನನ್ನು ಹುಡುಕಲು ನಡುವೆ ಗೋಡೆಯಿಟ್ಟ ಎರಡು ಫೋಟೋಡಯೋಡ್ (ಬೆಳಕು ಬಿದ್ದಷ್ಟು ಕರೆಂಟ್ ಕೊಡುವ ಬಿಡಿಭಾಗ) ಸಾಕು. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ; ಬೆಳಕು ಏರಿಳಿದರೂ ಕೋನ ಕೆಡದು. ಆದರೆ ನಮ್ಮ ಕರಾವಳಿಯ ಉಪ್ಪುಗಾಳಿ, ಡಯೋಡಿನ ಪುಟ್ಟ ಕರೆಂಟನ್ನು ಹಿಗ್ಗಿಸುವ 1 ಮೆಗಾಓಮ್‌ನ ಆಂಪ್ಲಿಫೈಯರ್ ಸುತ್ತ ಸೋರಿಕೆ ಹುಟ್ಟಿಸುತ್ತದೆ, ಮಳೆಗಾಲದಲ್ಲಂತೂ ಸೂರ್ಯ ನೇರಕ್ಕಿದ್ದಾಗ ಬರಬೇಕಾದ ಸೊನ್ನೆಯೇ ಸರಿಯುತ್ತದೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ತೇವ ತಡೆಯುವ ಲೇಪನ ಕೊಡಿ.

ಕಕ್ಷೆಯಲ್ಲಿ ಭೂಮಿಯ ನೆರಳಿಗೆ ಹೋದಾಗ ಎರಡೂ ಡಯೋಡ್ ಕತ್ತಲು. ಮೊತ್ತ ಮಿತಿಗಿಂತ ಇಳಿದರೆ ಸೆನ್ಸರನ್ನು ಮರೆತು ಅದೇ 0.063 ವೇಗದಲ್ಲಿ ತಿರುಗುತ್ತಿರುವಂತೆ ಪ್ರೋಗ್ರಾಂ ಬರೆಯಬೇಕು. ನಿಲ್ಲಿಸಿದರೆ 35 ನಿಮಿಷದ ನೆರಳು ಮುಗಿದು ಹೊರಬರುವಾಗ ಫಲಕ 130 ಡಿಗ್ರಿಗೂ ಹೆಚ್ಚು ಹಿಂದಿರುತ್ತದೆ.